ಮೀಟರಿಗೆ ಕಾಣದ ಬೆಳಕು

ಮಳೆ ಹೊಳವಾದ ಮಧ್ಯಾಹ್ನ, ಮಲೆನಾಡಿನ ಒಂದು ಮನೆಯ ಜಗಲಿ. ಗೋಡೆಗೆ ಒರಗಿಸಿದ ಏಣಿ. ಮಾತಾಡುವವರು ಇಬ್ಬರು: ಕೇಬಲ್ ರಿಪೇರಿಗೆ ಬಂದವರೊಬ್ಬರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಟೀಚರ್ ಒಬ್ಬರು. ಯಾವ ಮಾತು ಯಾರದೆಂದು ಬರೆದಿಲ್ಲ. ಒಬ್ಬರ ತಿಳಿವಳಿಕೆ ಕೈಯಲ್ಲಿದೆ, ಇನ್ನೊಬ್ಬರದು ಪೆನ್ಸಿಲ್ಲಿನಲ್ಲಿ. ಓದುತ್ತ ಹೋದರೆ ಗುರುತು ಸಿಗುತ್ತದೆ.

— ನೆಟ್ ಸರಿಯಾಗಿದೆ. ಮಗಳು ಬೆಳಿಗ್ಗೆಯಿಂದ ಆಫೀಸಿನ ಮೀಟಿಂಗಿನಲ್ಲೇ ಇದ್ದಾಳೆ, ಒಂದು ಸಲವೂ ಕಡಿದಿಲ್ಲ. ಟೀವಿ ಮಾತ್ರ ಹೀಗೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಎರಡೂ ಬರುವುದು ಒಂದೇ ಎಳೆಯಲ್ಲಿ ತಾನೆ?

— ಎಳೆ ಒಂದೇ ಟೀಚರ್, ಬಣ್ಣ ಬೇರೆ. ನೆಟ್ ಬರೋದು 1490 ನ್ಯಾನೋಮೀಟರಲ್ಲಿ. ನಿಮ್ಮ ಕಡೆಯಿಂದ ವಾಪಸ್ ಹೋಗೋದು 1310ರಲ್ಲಿ. ಟೀವಿ 1550ರಲ್ಲಿ. ಮೂರೂ ಕಣ್ಣಿಗೆ ಕಾಣದ ಬಣ್ಣ. ಅದಕ್ಕೇ ತುದಿ ಬಿಚ್ಚಿದಾಗ ಒಳಗೆ ಇಣುಕಬೇಡಿ ಅನ್ನೋದು.

— ಹೋದ ವಾರ ಬಂದ ಹುಡುಗ ಮೀಟರ್ ಇಟ್ಟು ನೋಡಿ, ಪವರ್ ಚೆನ್ನಾಗಿದೆ, ನಿಮ್ಮ ಟೀವಿಯೇ ಹಾಳಾಗಿದೆ ಅಂತ ಹೇಳಿ ಹೋದ. ಹೊಸ ಟೀವಿಯ ದುಡ್ಡು ತೆಗೆದಿಡುವುದರಲ್ಲಿದ್ದೆ.

— ಮೀಟರ್ ಸುಳ್ಳು ಹೇಳಿಲ್ಲ. ನಾನೂ ಈಗ ನೋಡ್ದೆ, ನೆಟ್ಟಿಂದು ಮೈನಸ್ 19. ಮೈನಸ್ 27ರ ತನಕ ನಡೀತದೆ. ಆದ್ರೆ ಆ ಮೀಟರಿಗೆ ಎಷ್ಟು ಬೆಳಕು ಬಂತು ಅನ್ನೋದೊಂದೇ ಗೊತ್ತು. ಹೇಗೆ ಬಂತು, ದಾರೀಲಿ ಎಷ್ಟು ಸಲ ಹಿಂದೆ ಮುಂದೆ ಓಡಾಡಿ ಬಂತು, ಅದು ಗೊತ್ತಾಗಲ್ಲ.

— ಹಿಂದೆ ಮುಂದೆ ಓಡಾಡುವುದು ಎಲ್ಲಿ?

— ಈ ನೀಲಿ ತುದಿ ನೋಡಿ. ಗೋಡೆ ಪೆಟ್ಟಿಗೇಲಿ ಇಂಥದೊಂದು ಜೋಡಿ, ರಸ್ತೆ ಕಂಬದ ಡಬ್ಬೀಲಿ ಇನ್ನೊಂದು ಜೋಡಿ. ನಡುವೆ ಮೂವತ್ತು ಮೀಟರ್ ಕೇಬಲ್. ಗಾಜಿಗೆ ಗಾಜು ಒತ್ತಿ ಕೂತ್ರೆ, ಅಲ್ಲೊಂದು ಜಂಟಿ ಇದೆ ಅಂತ ಬೆಳಕಿಗೆ ಗೊತ್ತೇ ಆಗಲ್ಲ ಅನ್ನಬಹುದು. ಒಂದು ಸಣ್ಣ ಧೂಳು ಮಧ್ಯ ಸಿಕ್ಕಿ ಸಂದು ಬಿತ್ತೋ, ಗಾಳಿ ಬಂದು ಕೂರುತ್ತೆ. ಬೆಳಕಿನ ಒಂದು ಪಾಲು ಅಲ್ಲಿಂದಲೇ ವಾಪಸ್.

— ನೂರಕ್ಕೆ ನಾಲ್ಕು ಪಾಲು. ಅದು ನನಗೆ ಗೊತ್ತಿರುವ ಲೆಕ್ಕ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖ ನಮಗೇ ಕಾಣುತ್ತದಲ್ಲ, ಅದೇ. ಹಗಲಲ್ಲೂ ಆ ಮುಖ ಅಲ್ಲೇ ಇರುತ್ತದೆ; ಹೊರಗಿನ ಬೆಳಕಿನ ಎದುರು ಅದನ್ನು ಕೇಳುವವರಾರು? ಹಾಸ್ಟೆಲಿನ ಮಕ್ಕಳಿಗೆ ಈ ಉದಾಹರಣೆ ಥಟ್ಟನೆ ಹಿಡಿಸುತ್ತಿತ್ತು. ಊರಿಗೆ ಹೋಗುವ ರಾತ್ರಿ ಬಸ್ಸಿನ ಕಿಟಕಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

— ನಮಗೆ ಟ್ರೈನಿಂಗಲ್ಲಿ ಮೈನಸ್ 14 ಡಿಬಿ ಅಂತ ಬಾಯಿಪಾಠ ಮಾಡಿಸಿದ್ರು. ಯಾಕೆ 14, ಯಾರೂ ಹೇಳ್ಲಿಲ್ಲ.

— ಆ ಬಿಲ್ಲಿನ ಹಿಂಬದಿ ಕೊಡಿ, ಬರೆಯುತ್ತೇನೆ. ನಿಮ್ಮ ಗಾಜಿನ ವಕ್ರೀಭವನ ಸೂಚ್ಯಂಕ ಎಷ್ಟು?

— ಐಓಆರ್ ಅಂತೀವಲ್ಲ ಅದಾ? 1.468. ಓಟಿಡಿಆರ್ ಮಶೀನಿಗೆ ಅದನ್ನ ಸರಿಯಾಗಿ ಕೊಡದಿದ್ರೆ ದೂರ ತಪ್ಪು ತೋರಿಸುತ್ತೆ.

— ಗಾಳಿಯದು 1. ಕಳೆದರೆ 0.468, ಕೂಡಿದರೆ 2.468. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 0.19. ಅದರ ವರ್ಗ 0.036. ಅಂದರೆ ನೂರಕ್ಕೆ 3.6. ಡೆಸಿಬೆಲ್ಲಿಗೆ ತಿರುಗಿಸಿದರೆ ಮೈನಸ್ 14.4. ಇಗೊಳ್ಳಿ ನಿಮ್ಮ 14. ಸೂತ್ರ ಫ್ರೆನೆಲ್ ಎಂಬ ಫ್ರೆಂಚನದು. ಹೊಟ್ಟೆಪಾಡಿಗೆ ಸರ್ಕಾರಿ ರಸ್ತೆ ಎಂಜಿನಿಯರ್. ದೀಪಸ್ತಂಭಗಳಿಗೆ ಮೆಟ್ಟಿಲು ಮೆಟ್ಟಿಲಾದ ಮಸೂರ ಮಾಡಿಕೊಟ್ಟವನೂ ಅವನೇ. 1827ರಲ್ಲಿ ಕ್ಷಯ ಬಂದು ತೀರಿಕೊಂಡಾಗ ವಯಸ್ಸು 39.

— ರಸ್ತೆ ಎಂಜಿನಿಯರ್ರಾ! ಹಾಗಾದ್ರೆ ನಮಗೂ ಅವರಿಗೂ ಹಳೇ ನಂಟು. ರಸ್ತೆ ಅಗಲ ಮಾಡೋರು ನಮ್ಮ ಕೇಬಲ್ ಕಡಿಯದ ತಿಂಗಳಿಲ್ಲ.

— ಇರಿ, ಲೆಕ್ಕ ಮುಗಿದಿಲ್ಲ. ಸಂದು ಎಂದರೆ ಒಂದಲ್ಲ, ಎರಡು ಮೇಲ್ಮೈ. ಗಾಜಿನಿಂದ ಗಾಳಿಗೆ ದಾಟುವಾಗ 3.6, ಗಾಳಿಯಿಂದ ಮತ್ತೆ ಗಾಜಿಗೆ ಹೊಗುವಾಗ 3.6. ಒಟ್ಟು ಏಳರ ಆಸುಪಾಸು. ಮುಂದೆ ಹೋಗುವುದು 93. ನಷ್ಟ 0.3 ಡೆಸಿಬೆಲ್.

— ಮೋಸ ಇರೋದು ಅಲ್ಲೇ. 0.3 ಅಂದ್ರೆ ನಮ್ಮ ಲೈನಲ್ಲಿ ಚಿಲ್ಲರೆ. ಕಂಬದ ಮೇಲೆ ಒಂದಕ್ಕೆ ಎಂಟು ಮಾಡೋ ಸ್ಪ್ಲಿಟರ್ ಒಂದೇ 10 ಡಿಬಿ ತಿಂತದೆ. ಅದರ ಮುಂದೆ ಇದನ್ನ ಯಾರು ಕೇಳ್ತಾರೆ? ಎರಡು ಜಂಟಿ ಕೆಟ್ಟಿದ್ರೂ 0.6. ಹುಡುಗನ ಮೀಟರಲ್ಲಿ 18.4 ಇರಬೇಕಾದ್ದು 19 ಅಂತ ಬಂದಿರುತ್ತೆ. ನಾನಾಗಿದ್ರೂ ಪಾಸ್ ಅಂತಿದ್ದೆ.

— ಹಾಗಾದರೆ ಟೀವಿಯ ತಕರಾರು ಏನು? ಏಳು ಹೋಯಿತು, 93 ಬಂತು. ಸಾಲದೇ?

— ಹೋದದ್ದು ಹಾಗೇ ಹೋಗಿಬಿಟ್ರೆ ತೊಂದ್ರೆ ಇಲ್ಲ. ಅದು ತಿರುಗಿ ಬರುತ್ತೆ. ನಿಮ್ಮ ಗೋಡೇಲಿ ಪುಟಿದು ಹಿಂದೆ ಹೋದ ಬೆಳಕು ಸುಮ್ನೆ ನಮ್ಮ ಆಫೀಸ್ ಸೇರಲ್ಲ. ಮೂವತ್ತು ಮೀಟರ್ ಹೋಗುವಷ್ಟರಲ್ಲಿ ಕಂಬದ ಡಬ್ಬೀಲಿ ಇನ್ನೊಂದು ಕೊಳಕು ಜಂಟಿ ಸಿಗುತ್ತೆ. ಅಲ್ಲಿ ಮತ್ತೆ ಪುಟಿದು ಇತ್ತ ತಿರುಗುತ್ತೆ. ಆಗ ನಿಮ್ಮ ಟೀವಿಗೆ ಒಂದೇ ಮಾತನ್ನ ಇಬ್ಬರು ಹೇಳಿದ ಹಾಗೆ. ಒಬ್ಬ ಮೊದಲು, ಒಬ್ಬ ಸ್ವಲ್ಪ ತಡವಾಗಿ.

— ಗೋಳಗುಮ್ಮಟ! ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ಆ ಮೇಲಿನ ಸುತ್ತು ಜಗಲಿಯಲ್ಲಿ ನಿಂತು ಪ್ರತಿಧ್ವನಿಯ ಪಾಠ ಮಾಡಲು ಹೊರಟು ಸೋತಿದ್ದೇನೆ. ಒಂದು ಪದ ಕೂಗಿದರೆ ಚೆಂದ. ವಾಕ್ಯ ಹೇಳಿದರೆ ಹಿಂದಿನ ಪದ ಬಂದು ಮುಂದಿನದರ ಮೇಲೆ ಬೀಳುತ್ತದೆ. ಪ್ರತಿಧ್ವನಿಯ ಬಗ್ಗೆ ಹೇಳಲು ಅತ್ಯಂತ ಅನನುಕೂಲದ ಜಾಗ ಅದೇ.

— ಅದೇ ನೋಡಿ ನಿಮ್ಮ ಜಗಲಿಗೂ ಕಂಬಕ್ಕೂ ನಡುವೆ ಆಗ್ತಿರೋದು.

— ಎಷ್ಟು ತಡ ಎಂದು ನೋಡೋಣ. ಮೂವತ್ತು ಹಿಂದಕ್ಕೆ, ಮೂವತ್ತು ಮುಂದಕ್ಕೆ, ಅರವತ್ತು ಮೀಟರ್ ಹೆಚ್ಚುವರಿ ಓಟ. ಗಾಜಿನಲ್ಲಿ ಬೆಳಕು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. ಹಾಗಾಗಿ 300 ನ್ಯಾನೋಸೆಕೆಂಡ್. ಇನ್ನು ಎಷ್ಟು ಬೆಳಕು? ನೂರರಲ್ಲಿ ಏಳು, ಆ ಏಳರಲ್ಲಿ ಮತ್ತೆ ನೂರಕ್ಕೆ ಏಳು. ಅರ್ಧ ಪರ್ಸೆಂಟ್. ಇಷ್ಟೇ ಇಷ್ಟು ಬೆಳಕಿಗೆ ಟೀವಿ ಹೀಗೆ ಕುಣಿಯಬೇಕೇ? ನನಗೆ ನಂಬಿಕೆ ಬರುವುದಿಲ್ಲ.

— ಕುಣಿಯೋದಂತೂ ಕಣ್ಣೆದುರೇ ಇದೆ. ಯಾಕೆ ಅಂತ ನೀವೇ ಹೇಳ್ಬೇಕು.

(ಇಲ್ಲಿ ಚಹಾ ಬಂತು. ಟೀಚರ್ ಬಿಲ್ಲಿನ ಹಿಂಬದಿಯನ್ನು ನೋಡುತ್ತ ಕೂತರು. ತಾವು ಬರೆದ ಲೆಕ್ಕ ಕಣ್ಣೆದುರಿಗಿನ ಟೀವಿಗೆ ಹೊಂದದಿದ್ದಾಗ ಟೀವಿಯನ್ನು ಬಿಟ್ಟು ಲೆಕ್ಕವನ್ನು ಅನುಮಾನಿಸುವವರು ನಮ್ಮಲ್ಲಿ ಕಡಿಮೆ. ಅವರು ಆ ಕಡಿಮೆ ಜನರಲ್ಲಿ ಒಬ್ಬರು.)

— ತಪ್ಪು ಮಾಡಿದ್ದೆ. ಶಕ್ತಿಯನ್ನು ಶಕ್ತಿಗೆ ಕೂಡಿಸಿದ್ದೆ. ಇಲ್ಲಿ ಕೂಡುವುದು ಅಲೆಗಳು. ಎರಡೂ ಒಂದೇ ಲೇಸರಿನಿಂದ ಹೊರಟ ಬೆಳಕು, ಒಂದು ತಡವಾಗಿ ಬಂದಿದೆ ಅಷ್ಟೇ. ಉಬ್ಬಿನ ಮೇಲೆ ಉಬ್ಬು ಬಿದ್ದರೆ ಹೆಚ್ಚು, ಉಬ್ಬಿನ ಮೇಲೆ ತಗ್ಗು ಬಿದ್ದರೆ ಕಡಿಮೆ. ಶಕ್ತಿ ಅರ್ಧ ಪರ್ಸೆಂಟ್ ಆದರೆ ಅಲೆಯ ಎತ್ತರ ಅದರ ವರ್ಗಮೂಲ, 0.07. ಒಂದಕ್ಕೆ ಅದನ್ನು ಕೂಡಿಸಿ ವರ್ಗ ಮಾಡಿದರೆ 1.14. ಕಳೆದು ವರ್ಗ ಮಾಡಿದರೆ 0.86. ನೋಡಿದಿರಾ? ಅರ್ಧ ಪರ್ಸೆಂಟಿನ ಪಿಶಾಚಿ ಇಡೀ ಬೆಳಕನ್ನು ಹದಿನಾಲ್ಕು ಪರ್ಸೆಂಟ್ ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಬಲ್ಲದು!

— ನಾವೂ ಅದಕ್ಕೆ ಪಿಶಾಚಿ ಅಂತಲೇ ಅಂತೀವಿ. ಘೋಸ್ಟ್. ಅದರ ಕತೆ ಆಮೇಲೆ ಹೇಳ್ತೀನಿ.

— ಲೇಸರಿನ ಬಣ್ಣ ಎಷ್ಟು ಶುದ್ಧವಾಗಿದ್ದರೂ ಒಂದಿಷ್ಟು ನಡುಗುತ್ತಲೇ ಇರುತ್ತದೆ. ಬಿಸಿಲಿಗೆ ಕೇಬಲ್ ಕೂದಲಷ್ಟು ಉದ್ದವಾಗುತ್ತದೆ. ಹಾಗಾಗಿ ಈಗ ಉಬ್ಬಿಗೆ ಉಬ್ಬು, ಇನ್ನೊಂದು ಗಳಿಗೆಗೆ ಉಬ್ಬಿಗೆ ತಗ್ಗು. ಬೆಳಕು ನಿಂತಲ್ಲಿ ನಿಲ್ಲದೆ ಮಿಡುಕುತ್ತದೆ. ನಿಮ್ಮ ಮೀಟರ್ ಅದರ ಸರಾಸರಿ ತೆಗೆದು ಮೈನಸ್ 19 ಅನ್ನುತ್ತದೆ. ಸರಾಸರಿಗೆ ಏನೂ ಆಗಿಲ್ಲವಲ್ಲ!

— ನೆಟ್ ಯಾಕೆ ಹಾಳಾಗಿಲ್ಲ ಅಂತ ಈಗ ನಾನು ಹೇಳ್ತೀನಿ. ನೆಟ್ಟಿಗೆ ಬೆಳಕು ಇದೆ, ಇಲ್ಲ, ಎರಡೇ. ಹತ್ತೋ ಹದಿನೈದೋ ಪರ್ಸೆಂಟ್ ಅಲ್ಲಾಡಿದ್ರೂ 'ಇದೆ' ಅನ್ನೋದು 'ಇಲ್ಲ' ಆಗಲ್ಲ. ಟೀವಿ ಹಾಗಲ್ಲ. ಒಂದೇ ಬೆಳಕಿನ ಬೆನ್ನ ಮೇಲೆ ಎಷ್ಟೊಂದು ರೇಡಿಯೋ ಅಲೆ ಒಟ್ಟಿಗೆ ಕೂತಿರ್ತವೆ. ಒಂದೊಂದರ ಪಾಲು ಮೂರೋ ನಾಲ್ಕೋ ಪರ್ಸೆಂಟ್. ಅವಕ್ಕೆ ಬೆಳಕು ಸಣ್ಣಗೆ ನಡುಗಿದ್ರೂ ಆಗಲ್ಲ.

— ಮೂರು ಪರ್ಸೆಂಟಿನ ಸವಾರನನ್ನು ಹೊತ್ತ ಕುದುರೆ ಹದಿನಾಲ್ಕು ಪರ್ಸೆಂಟ್ ಕುಪ್ಪಳಿಸಿದರೆ... ಸರಿ, ಅರ್ಥವಾಯಿತು. ಇನ್ನೊಂದು ವಿಚಿತ್ರ ಇದೆ. ಗೋಡೆ ಪೆಟ್ಟಿಗೆಗೆ ಮೊಟಕಿದರೆ ಚಿತ್ರ ಒಂದಷ್ಟು ಹೊತ್ತು ಸರಿಯಾಗುತ್ತದೆ. ಮಗಳು ನಗುತ್ತಾಳೆ, ಇದೇನು ಹಳೇ ಡಬ್ಬಾ ಟೀವಿಯೇ ತಟ್ಟಲಿಕ್ಕೆ ಅಂತ.

— ನಗಬೇಡಿ ಅನ್ನಿ. ನಾವೂ ಹಾಗೇ ಮಾಡೋದು. ಮೊಟಕಿದ್ರೆ ಸರಿ ಹೋಗುತ್ತೆ ಅಂದ್ರೆ ಜಂಟೀಲಿ ಸಂದು ಇದೆ ಅಂತಲೇ.

— ಓ, ಸಂದಿನೊಳಗೂ ಇದೇ ಆಟ ನಡೆಯುತ್ತದೆ. ಎರಡು ಮೇಲ್ಮೈಗಳಿಂದ ಪುಟಿದ ಅಲೆಗಳು ಒಂದಕ್ಕೊಂದು ಕೂಡಿದರೆ ಏಳಲ್ಲ, ಹದಿಮೂರರವರೆಗೂ ಹೋದೀತು. ಕಳೆದರೆ ಸೊನ್ನೆಯಾದರೂ ಆದೀತು. ಸಂದು ತರಂಗದ ಕಾಲು ಭಾಗದಷ್ಟು ಅತ್ತಿತ್ತ ಆದರೆ ಸಾಕು. ಅಂದರೆ ಮಿಲಿಮೀಟರಿನ ಎರಡೂವರೆ ಸಾವಿರದಲ್ಲಿ ಒಂದು ಪಾಲು. ನನ್ನ ಬೆರಳಿನ ಮೊಟಕು ಅಷ್ಟನ್ನು ಅಲ್ಲಾಡಿಸದೇ ಇರುತ್ತದೆಯೇ? ಸೋಪಿನ ಗುಳ್ಳೆಗೆ ಬಣ್ಣ ಕೊಡುವುದೂ ಇದೇ.

— ಈಗ ಬನ್ನಿ, ತುದಿ ತೋರಿಸ್ತೀನಿ. ಇದು ನಾನೂರು ಪಟ್ಟು ದೊಡ್ಡದು ಮಾಡೋ ಸ್ಕೋಪ್. ಲೈನ್ ಬಿಚ್ಚಿದೀನಿ, ಸ್ಕ್ರೀನಲ್ಲಿ ನೋಡೋದು, ಹಾಗಾಗಿ ಕಣ್ಣಿಗೆ ಭಯ ಇಲ್ಲ. ಬಿಳಿ ಪಿಂಗಾಣಿ ಇದ್ಯಲ್ಲ, ಅದು ಫೆರೂಲ್. ಎರಡೂವರೆ ಮಿಲಿಮೀಟರ್. ಅದರ ಮಧ್ಯ ತೂತಲ್ಲಿ ಗಾಜಿನ ಎಳೆ, 125 ಮೈಕ್ರಾನ್. ಅದರ ನಟ್ಟನಡುವೆ ಆ ಚುಕ್ಕಿ, 9 ಮೈಕ್ರಾನ್. ಬೆಳಕು ಓಡಾಡೋದು ಆ ಚುಕ್ಕೀಲಿ.

— ಈ ಕರಿ ಬಂಡೆ ಏನು?

— ನಿಮ್ಮ ಮನೆ ಧೂಳು.

— ಸೀಮೆಸುಣ್ಣದ್ದಿರಬಹುದು. ಪಕ್ಕದ ಮನೆ ಮಕ್ಕಳಿಗೆ ಇಲ್ಲೇ ಕಪ್ಪುಹಲಗೆ ಹಾಕಿ ಪಾಠ ಹೇಳುತ್ತೇನೆ. ಮೂವತ್ತು ವರ್ಷ ಅದನ್ನು ಕುಡಿದೆ, ಈಗ ನನ್ನ ಟೀವಿಗೂ ಕುಡಿಸಿದೆ.

— ಒಳಗೆ ಸ್ಪ್ರಿಂಗ್ ಇದೆ, ಸುಮಾರು ಒಂದು ಕಿಲೋ ತೂಕದಷ್ಟು ಒತ್ತುತ್ತೆ. ತುದಿಯನ್ನ ಚಪ್ಪಟೆ ಮಾಡಿರಲ್ಲ, ಸ್ವಲ್ಪ ಉಬ್ಬಾಗಿ ಅರೆದಿರ್ತಾರೆ. ಉಬ್ಬಿನ ನೆತ್ತಿಗೆ ನೆತ್ತಿ ಒತ್ತಿದ್ರೆ ಗಾಳಿಗೆ ಜಾಗ ಇಲ್ಲ. ಧೂಳು ಮಧ್ಯ ಇದ್ರೆ ಮಾತ್ರ ಅದೇ ಒತ್ತಡ ಶತ್ರು. ಧೂಳು ಪುಡಿಯಾಗಿ ನಾಲ್ಕು ಕಡೆ ಹರಡುತ್ತೆ, ಇಲ್ಲ ಗಾಜಿಗೆ ಗುಳಿ ಬೀಳುತ್ತೆ. ಗುಳಿ ಬಿದ್ರೆ ಒರೆಸಿ ಪ್ರಯೋಜನ ಇಲ್ಲ, ತುದಿ ಕತ್ತರಿಸಿ ಬೇರೆ ಹಾಕ್ಬೇಕು. ಅದಕ್ಕೆ ನಮ್ಮ ಗುರುಗಳು ಹೇಳೋರು, ನೋಡದೆ ಜೋಡಿಸಬೇಡ ಅಂತ. ಹೊಸ ಪ್ಯಾಕೆಟ್ ಒಡೆದದ್ದಾದ್ರೂ ಸರಿ. ಟೋಪಿ ಹಾಕಿರ್ತಾರಲ್ಲ, ಆ ಪ್ಲಾಸ್ಟಿಕ್ ಟೋಪಿ ಒಳಗೂ ಕೊಳೆ ಇರುತ್ತೆ.

— ಕೊಳೆಯೇ ಇಲ್ಲ, ಸರಿಯಾಗಿ ಒತ್ತಿ ಕೂತಿದೆ. ಆಗ ಪ್ರತಿಫಲನ ಪೂರ್ತಿ ಸೊನ್ನೆಯಾಗಬೇಕಲ್ಲ? ಎರಡೂ ಒಂದೇ ಗಾಜು.

— ಆಗಲ್ಲ. ಮೊದಲಿನ ಪಿಸಿ ಅನ್ನೋ ಪಾಲಿಶಿಗೆ ಮೈನಸ್ 40 ಡಿಬಿ. ಈ ನೀಲಿ, ಯುಪಿಸಿ, ಇದಕ್ಕೆ 50. ಅಂದ್ರೆ ಒಂದು ಲಕ್ಷದಲ್ಲಿ ಒಂದು. ಅರೆಯುವಾಗ ಗಾಜಿನ ಮೇಲ್ಪದರ ಹಿಂಡಿದ ಹಾಗಾಗಿ ಗಟ್ಟಿ ಆಗುತ್ತಂತೆ.

— ಸಾಂದ್ರವಾದರೆ ಸೂಚ್ಯಂಕ ಏರುತ್ತದೆ. ಅಲ್ಲಿಗೆ ಗಾಜಿನೊಳಗೇ ಇನ್ನೊಂದು ಗಾಜಿನ ತೆಳು ಪೊರೆ ಬಂದಹಾಗಾಯಿತು. ಹೆಚ್ಚು ನುಣುಪಾಗಿ ಅರೆದಷ್ಟೂ ಪೊರೆ ತೆಳು, ಪುಟಿತ ಕಡಿಮೆ. ಪಾತ್ರೆ ತಿಕ್ಕಿದರೆ ಹೊಳಪಷ್ಟೇ ಬರುತ್ತದೆ ಎಂದುಕೊಂಡಿದ್ದೆ. ಇಲ್ಲಿ ತಿಕ್ಕಿದ್ದರ ಕಲೆಯೂ ಉಳಿಯುತ್ತದೆ. ಸರಿ, ಈಗ ಪಿಶಾಚಿ ಕತೆ ಹೇಳಿ.

— ಹೊಸತರಲ್ಲಿ ಆದದ್ದು. ಓಟಿಡಿಆರ್ ಅಂತ ಮಶೀನು. ಒಂದು ತುದೀಲಿ ನಿಂತು ಚಿಕ್ಕ ಚಿಕ್ಕ ಬೆಳಕಿನ ತುಣುಕು ಬಿಡೋದು, ಏನು ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಅಳೆಯೋದು. ಕನೆಕ್ಟರ್ ಇದ್ದಲ್ಲಿ ಪರದೆ ಮೇಲೆ ಮುಳ್ಳು ಏಳುತ್ತೆ. ಅವತ್ತು 700 ಮೀಟರಲ್ಲಿ ಒಂದು ಮುಳ್ಳು, 1400ರಲ್ಲಿ ಇನ್ನೊಂದು. 700ರಲ್ಲಿ ಜಂಟಿ ಇದ್ದದ್ದು ಗೊತ್ತು. 1400 ಅಂದ್ರೆ ಒಂದು ಅಡಿಕೆ ತೋಟದ ನಡುವೆ ಬರುತ್ತೆ. ಅಲ್ಲಿ ಕೇಬಲ್ ಒಡೆದಿದೆ ಅಂತ ಇಬ್ಬರನ್ನ ಕರ್ಕೊಂಡು ಹೋದೆ. ಮಳೆ, ಉಂಬಳ. ಸಂಜೆ ತನಕ ಹುಡುಕಿದ್ವಿ. ಏನೂ ಇಲ್ಲ!

— ಎರಡರಷ್ಟು ದೂರ. 700ರಿಂದ ಪುಟಿದ ಬೆಳಕು ನಿಮ್ಮ ಮಶೀನಿನ ಬಾಯಿಗೇ ಬಂದು ಬಡಿದು, ಮತ್ತೆ 700ಕ್ಕೆ ಹೋಗಿ, ಮತ್ತೆ ಬಂದಿದೆ. ಮಶೀನಿಗೆ ಅದು ಓಡಿದ ಹೊತ್ತು ಮಾತ್ರ ಗೊತ್ತು, ಹಾದಿ ಗೊತ್ತಿಲ್ಲ.

— ಎಷ್ಟು ಬೇಗ ಹೇಳಿಬಿಟ್ರಿ! ನನಗೆ ಕಾಲಲ್ಲಿ ರಕ್ತ ಸುರಿಸಿಕೊಂಡ ಮೇಲೆ ಗೊತ್ತಾಯ್ತು. ಈಗ ಗುರುತು ಹಿಡೀತೀನಿ. ನಿಜವಾದ ಜಂಟಿ ಆದ್ರೆ ಮುಳ್ಳಿನ ಆಚೆ ಗೆರೆ ಒಂದಿಷ್ಟು ಕೆಳಗೆ ಇಳಿದಿರುತ್ತೆ. ಪಿಶಾಚಿ ಆದ್ರೆ ಗೆರೆ ಹಾಗೇ ಮುಂದೆ ಹೋಗುತ್ತೆ, ಮುಳ್ಳು ಮಾತ್ರ ಮೇಲೆ ನಿಂತಿರುತ್ತೆ. ಅದಕ್ಕೆ ನೆಲಕ್ಕೆ ಕಾಲು ತಾಗಲ್ಲ ಅಂತ ನಾವು ತಮಾಷೆ ಮಾಡ್ತೀವಿ.

— ನಮ್ಮ ಮನೆಗೂ ಆ ಮಶೀನು ಇಡಬಹುದಿತ್ತು.

— ದೊಡ್ಡ ತುಣುಕು ಬಿಟ್ರೆ, ಅಂದ್ರೆ ಒಂದು ಮೈಕ್ರೋಸೆಕೆಂಡಿಂದು, ಅದೇ ನೂರು ಮೀಟರ್ ಜಾಗ ಹಿಡಿಯುತ್ತೆ. ನಿಮ್ಮ ಗೋಡೆ, ನಿಮ್ಮ ಕಂಬ ಎರಡೂ ಒಂದೇ ಮುಳ್ಳಾಗಿ ಕಾಣ್ತಿತ್ತು. ಸಣ್ಣ ತುಣುಕು ಬಿಟ್ಟು ನೋಡಬಹುದು. ಆದ್ರೆ ಅದಕ್ಕಿಂತ ಏಣಿ ಹತ್ತಿ ತುದಿ ನೋಡೋದೇ ಸುಲಭ.

— ಈ ನೀಲಿಯ ಬದಲು ಹಸಿರು ಇರುತ್ತದಂತಲ್ಲ? ಕಂಬದ ಡಬ್ಬಿಯಲ್ಲಿ ಕಂಡೆ.

— ಟೀವಿ ಇದ್ದಲ್ಲಿ ಹಸಿರೇ ಹಾಕ್ಬೇಕು. ನಿಮ್ಮ ಮನೇಲಿ ಮೊದಲು ಬರೀ ನೆಟ್ ಇತ್ತು, ಬ್ಯಾಗಲ್ಲಿ ನೀಲಿ ಇತ್ತು, ಹಾಕಿ ಹೋಗಿದಾರೆ. ಆಮೇಲೆ ಅದೇ ಎಳೆಗೆ ಟೀವಿ ಕೊಟ್ರು. ಹಸಿರು ಅಂದ್ರೆ ಎಪಿಸಿ. ತುದಿಯನ್ನ 8 ಡಿಗ್ರಿ ಓರೆಯಾಗಿ ಅರೆದಿರ್ತಾರೆ. ಅದು ರಿಫ್ಲೆಕ್ಷನ್ ಆಗೋಕೇ ಬಿಡಲ್ಲ.

— ಬಿಡುವುದಿಲ್ಲವೇ? ನಾನು ಒಪ್ಪುವುದಿಲ್ಲ. ಗಾಜು ಅದೇ, ಗಾಳಿ ಅದೇ, ಓರೆ ಮಾಡಿದ ಮಾತ್ರಕ್ಕೆ 3.6 ಎಲ್ಲಿ ಹೋಗುತ್ತದೆ? ಬಿಚ್ಚಿದ ಹಸಿರು ತುದಿಯಲ್ಲೂ ಅಷ್ಟೇ ಬೆಳಕು ಪುಟಿಯುತ್ತದೆ.

— ಆದ್ರೆ ಮೀಟರಲ್ಲಿ ಬರಲ್ವಲ್ಲ! ಬಿಚ್ಚಿಟ್ಟ ನೀಲಿ 14 ತೋರಿಸುತ್ತೆ, ಬಿಚ್ಚಿಟ್ಟ ಹಸಿರು 55 ದಾಟುತ್ತೆ. ನಾನೇ ಅಳೆದಿದೀನಿ.

— ಅಳೆದದ್ದು ಸರಿ, ಕಾರಣ ಬೇರೆ. ಕನ್ನಡಿಯನ್ನು 8 ಡಿಗ್ರಿ ತಿರುಗಿಸಿದರೆ ಪುಟಿದ ಕಿರಣ 16 ಡಿಗ್ರಿ ತಿರುಗುತ್ತದೆ. ನಿಮ್ಮ ಎಳೆ ಎಷ್ಟು ಓರೆಯಾದ ಕಿರಣವನ್ನು ಹಿಡಿದಿಟ್ಟುಕೊಳ್ಳಬಲ್ಲದು? ಅದಕ್ಕೊಂದು ಸಂಖ್ಯೆ ಇರಬೇಕು.

— ಎನ್‌ಎ ಅಂತ ಇರುತ್ತೆ. 0.14.

— ಅದನ್ನು 1.468ರಿಂದ ಭಾಗಿಸಿದರೆ... ಗಾಜಿನೊಳಗೆ ಐದೂವರೆ ಡಿಗ್ರಿ. ಅಷ್ಟರೊಳಗೆ ಬಂದ ಕಿರಣಕ್ಕೆ ಮಾತ್ರ ನಡುಚುಕ್ಕಿಯಲ್ಲಿ ಜಾಗ. ಹದಿನಾರರಲ್ಲಿ ಬಂದದ್ದು ಬದಿಗೆ ಸಿಡಿದು, ಹೊರಪದರಕ್ಕೆ ಹೋಗಿ, ಅಲ್ಲೇ ಆರಿಹೋಗುತ್ತದೆ. ಪುಟಿತ ನಿಂತಿಲ್ಲ, ತಿರುಗಿ ಬರುವ ದಾರಿ ತಪ್ಪಿದೆ.

— ಹತ್ತು ವರ್ಷದಿಂದ ಹುಡುಗರಿಗೆ ತಪ್ಪು ಹೇಳ್ಕೊಂಡು ಬಂದೆ ಹಾಗಾದ್ರೆ.

— ಕೆಲಸ ಸರಿಯಾಗಿಯೇ ಮಾಡಿದ್ದೀರಿ. ನಾನು ಲೆಕ್ಕ ಸರಿ ಹೇಳಿ, ಈ ತುದಿಯನ್ನು ಇವತ್ತೇ ಮೊದಲು ನೋಡಿದೆ.

— ಹಸಿರಿಗೆ ಹಸಿರು ಒತ್ತಿ ಕೂತ್ರೆ 60 ಡಿಬಿ. ಹತ್ತು ಲಕ್ಷಕ್ಕೆ ಒಂದು. ಇನ್ನೊಂದು ಲಾಭ, ಡಬ್ಬೀಲಿ ಎಂಟು ಬಾಯಿ ಇದ್ದು ಮೂರು ಖಾಲಿ ಬಿದ್ದಿದ್ರೂ ಚಿಂತೆ ಇಲ್ಲ. ಖಾಲಿ ನೀಲಿ ಬಾಯಿ ಅಂದ್ರೆ ಅದೊಂದು ಕನ್ನಡಿ ನೇತು ಹಾಕಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ಹಸಿರನ್ನ ನೀಲಿಗೆ ತುರುಕೋದು. ಹೊರಗಿನ ಅಳತೆ ಒಂದೇ, ಕಟಕ್ ಅಂತ ಕೂತ್ಕೊಳ್ಳುತ್ತೆ. ಒಳಗೆ ಓರೆಗೂ ಉಬ್ಬಿಗೂ ನಡುವೆ ಬೆಣೆ ಹಾಗೆ ಗಾಳಿ. ಬೆಳಕು ಮೂರು ನಾಲ್ಕು ಡಿಬಿ ಹೋಗುತ್ತೆ, ನೀಲಿ ತುದಿ ಬರೀ ಗಾಳಿಗೆ ಬಾಯಿ ಬಿಟ್ಟ ಹಾಗೆ ಪುಟಿಸ್ತಾ ಇರುತ್ತೆ, ಅಂಚು ಉಜ್ಜಿ ಎರಡೂ ಹಾಳು. ಅದಕ್ಕೇ ಬಣ್ಣ ಬಳಿದಿರೋದು. ಆದ್ರೂ ತುರುಕ್ತಾರೆ.

— ಇಷ್ಟೆಲ್ಲ ಕಷ್ಟ ಯಾಕೆ? ಗಾಜನ್ನು ಕರಗಿಸಿ ಬೆಸೆದರಾಗದೇ?

— ಬೆಸೀತೀವಲ್ಲ. ಕಿಡಿ ಹಾರಿಸಿ ಕರಗಿಸಿದ್ರೆ ಎರಡು ಎಳೆ ಒಂದೇ ಆಗುತ್ತೆ, ಓಟಿಡಿಆರಲ್ಲಿ ಮುಳ್ಳೇ ಏಳಲ್ಲ. ಆದ್ರೆ ಮೋಡೆಮ್ ಕೆಟ್ಟಾಗ ಬಿಚ್ಚಬೇಕಲ್ಲ? ಬಿಚ್ಚೋ ಜಾಗ ಬೇಕು ಅಂದ್ರೆ ಸಂದೂ ಬೇಕು. ಇನ್ನೊಂದು, ಜೆಲ್ ತುಂಬಿದ ಕನೆಕ್ಟರ್ ಬರುತ್ತೆ, ಗಾಳಿ ಬದಲು ಗಾಜಿನಂಥದೇ ಅಂಟು. ಬೇಗ ಆಗುತ್ತೆ. ನನಗೆ ಅದರ ಮೇಲೆ ಭರವಸೆ ಕಮ್ಮಿ, ಈ ಊರಿನ ಬೇಸಿಗೆ ಮಳೆ ಎರಡನ್ನೂ ಅದು ಎಷ್ಟು ವರ್ಷ ತಾಳುತ್ತೋ.

(ಅವರು ಎದ್ದು ಪೆನ್ನಿನಂಥ ಸಾಧನವನ್ನು ಗೋಡೆಯ ಜಂಟಿಗೆ ಇಟ್ಟು ಒತ್ತಿದರು. ಟಿಕ್. ಸ್ಕೋಪಿನಲ್ಲಿ ನೋಡಿದರು, ಇನ್ನೊಮ್ಮೆ ಒತ್ತಿದರು. ಬಂಡೆ ಮಾಯ, ಅದೃಷ್ಟಕ್ಕೆ ಗುಳಿ ಬಿದ್ದಿರಲಿಲ್ಲ. ಆಮೇಲೆ ಏಣಿ ಹೊತ್ತು ಕಂಬಕ್ಕೆ ಹೋಗಿ ಅಲ್ಲೂ ಟಿಕ್. ಟೀವಿಯಲ್ಲಿ ಯಕ್ಷಗಾನ ಬರುತ್ತಿತ್ತು; ವೇಷ ಎಲ್ಲೂ ಚೌಕವಾಗದೆ ಪೂರ್ತಿ ಸುತ್ತು ಕುಣಿಯಿತು.)

— ಬಂತು, ಬಂತು. ಆದರೆ ನೀವು ಕಂಬಕ್ಕೆ ಏಣಿ ಇಡುವ ಮೊದಲೇ ಸರಿಯಾಗಿತ್ತು. ನೀವು ಕೆಳಗಿಳಿಯಲಿ ಅಂತ ಕಾಯುತ್ತಿದ್ದೆ.

— ಗೋಡೆದು ಒರೆಸಿದಾಗಲೇ?

— ಆಗಲೇ. ಎರಡು ಗೋಡೆ ಇದ್ದರೆ ತಾನೆ ನಡುವೆ ಓಡಾಟ? ಒಂದನ್ನು ಕೆಡವಿದರೆ ಸಾಕು. ಕಂಬದ್ದು ಕೊಳಕಾಗಿಯೇ ಇದ್ದರೂ ನನ್ನ ಟೀವಿಗೆ ಗೊತ್ತಾಗುತ್ತಿರಲಿಲ್ಲ.

— ನಿಮ್ಮ ಟೀವಿಗೆ ಗೊತ್ತಾಗ್ತಿರ್ಲಿಲ್ಲ. ಮುಂದಿನ ಸಲ ಗೋಡೆದು ಕೊಳೆಯಾದ ದಿನ ನನಗೆ ಗೊತ್ತಾಗ್ತಿತ್ತು, ಮಳೇಲಿ ಇದೇ ಏಣಿ ಹೊತ್ಕೊಂಡು ಬರೋವಾಗ. ಹಸಿರು ತುದಿ ಎರಡು ಜೋಡಿ ಆಫೀಸಲ್ಲಿದೆ, ಸೋಮವಾರ ತಂದು ಬೆಸೀತೀನಿ. ಅಲ್ಲೀವರೆಗೆ ಕಪ್ಪುಹಲಗೆ ಆ ಕಡೆ ಗೋಡೆಗೆ ಹಾಕ್ಕೊಳ್ಳಿ ಟೀಚರ್. ಆ ಬಿಲ್ಲು ಕೊಡಿ, ಹಿಂಬದಿ ಲೆಕ್ಕ ನನಗೆ ಬೇಕು.

— ಮುಂಬದಿಯಲ್ಲಿರುವ ಲೆಕ್ಕ?

— ಅದನ್ನ ಫೋಟೋ ತೆಕ್ಕೊಳ್ಳಿ.